ಒಂದೇ ದಿಕ್ಕಿನ ಬಾಗಿಲು

ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ ಎಂದು ರೈತರು ಕರೆದರೆ ನನ್ನ ಮೊದಲ ಗುಮಾನಿ ಬಾವಿಯೊಳಗಿನ ಫುಟ್‌ವಾಲ್ವ್ ಮೇಲೆ. ನೀರು ಮೇಲೇರುವಾಗ ಅದರ ಮುಚ್ಚಳ ತಾನೇ ತೆರೆಯುತ್ತದೆ. ಮೋಟಾರು ನಿಂತೊಡನೆ ನೀರಿನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ನಡುವೆ ಕಡ್ಡಿಯೊಂದು ಸಿಕ್ಕಿಕೊಂಡರೂ ಸಾಕು, ಪೈಪಿನ ನೀರೆಲ್ಲ ಬಾವಿಗಿಳಿದು ಪಂಪು ಬರೀ ಗಾಳಿ ಎಳೆಯುತ್ತದೆ.

ಹೃದಯದಲ್ಲಿ ಇಂಥ ನಾಲ್ಕು ಕವಾಟಗಳಿವೆ. ಅವನ್ನು ತೆರೆದು ಮುಚ್ಚಿಸುವುದು ರಕ್ತದ ಒತ್ತಡದ ಏರುಪೇರು. ಅದೂ ದಿನಕ್ಕೆ ಸುಮಾರು 1 ಲಕ್ಷ ಬಾರಿ! ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಕೇಳುವ ‘ಲಬ್-ಡಬ್’ ಕವಾಟ ಮುಚ್ಚುವ ಸದ್ದು. ಕವಾಟ ಕಿರಿದಾದರೆ ರಕ್ತ ಸರಾಗವಾಗಿ ಮುಂದೆ ಸಾಗದು. ಸರಿಯಾಗಿ ಮುಚ್ಚದಿದ್ದರೆ ಹಿಂದಕ್ಕೆ ಸೋರುತ್ತದೆ. ಎರಡರಲ್ಲೂ ದಣಿಯುವುದು ಹೃದಯವೇ.

ಕೆಟ್ಟ ಕವಾಟವನ್ನು ಬದಲಿಸಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ, ಹಿಂದಿನ ಮಾದರಿಗಳು ಪರೀಕ್ಷೆಯಲ್ಲಿ ಸೋತರೂ ಬಿಡದೆ, ಲೋಹದ ಚೌಕಟ್ಟಿನೊಳಗೆ ವಾಲಿ ತೆರೆಯುವ ಪ್ಲಾಸ್ಟಿಕ್ ಬಿಲ್ಲೆಯ ಕವಾಟ ರೂಪಿಸಿತು. 1990ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಇಂಥ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಮಾತ್ರೆ ನುಂಗಬೇಕು.

ನಮ್ಮಲ್ಲಿ ಕವಾಟ ಕೆಡಿಸುವ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಅದು ಶುರುವಾಗುವುದು ಮಕ್ಕಳ ಗಂಟಲಿನ ಸೋಂಕಿನಿಂದ. ಗಂಟಲು ನೋವಿನ ಬಳಿಕ ಜ್ವರ, ಕೀಲುನೋವು ಬಂದರೆ ಮನೆಮದ್ದಿನಲ್ಲೇ ದಿನ ತಳ್ಳಬೇಡಿ. ಮಗುವನ್ನು ಡಾಕ್ಟರಿಗೆ ತೋರಿಸಿ.