ಉತ್ತರ ಕೊಡದವರ ಲೆಕ್ಕ

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವವರಿಗೆ ಮುಂದಿನ ಹಬ್ಬಕ್ಕೆ ಯಾವ ಬಣ್ಣದ ಸೀರೆ ಓಡುತ್ತದೆ ಎಂಬುದು ಬಂಡವಾಳದ ಪ್ರಶ್ನೆ. ಗಿರಾಕಿಗಳನ್ನೇ ಕೇಳೋಣವೆಂದರೆ ಗೂಗಲ್ ಫಾರ್ಮ್ಸ್, ಮೈಕ್ರೋಸಾಫ್ಟ್ ಫಾರ್ಮ್ಸ್, ಸರ್ವೆಮಂಕಿ ಹೀಗೆ ಹತ್ತಾರು ಆನ್‌ಲೈನ್ ಸಾಧನಗಳಿವೆ. ಯಾವುದು ಅಗ್ಗ ಎಂದು ನೋಡುವ ಮೊದಲು, ಆ ಸಾಧನ ಯಾರನ್ನು ಹೊರಗಿಡುತ್ತದೆ ಎಂದು ನೋಡಬೇಕು.

ಇದಕ್ಕೆ ಹಳೆಯ ಉದಾಹರಣೆಯೊಂದಿದೆ. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. 48 ರಾಜ್ಯಗಳಲ್ಲಿ 46 ಎದುರಾಳಿ ರೂಸ್‌ವೆಲ್ಟ್ ಪಾಲಾದವು. ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಫೋನ್, ಕಾರು ಉಳ್ಳವರ ಪಟ್ಟಿಗಳಿಂದ. ಅದರಲ್ಲೂ ಚೀಟಿ ಮರಳಿಸಿದವರು ಕಾಲುಭಾಗದಷ್ಟು ಮಾತ್ರ. ತೀರ ಚಿಕ್ಕ ಮಾದರಿ ಇಟ್ಟುಕೊಂಡ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಲೆಕ್ಕ ಇಷ್ಟೇ: ಯಾದೃಚ್ಛಿಕವಾಗಿ ಆರಿಸಿದ 100 ಜನರ ಉತ್ತರದಲ್ಲಿ ತಪ್ಪಿನ ಅಂತರ ಹೆಚ್ಚೆಂದರೆ ಶೇ 10ರಷ್ಟು, 400 ಜನರಲ್ಲಿ ಶೇ 5ರಷ್ಟು. ಅಂತರ ಅರ್ಧವಾಗಲು ಜನ ನಾಲ್ಕು ಪಟ್ಟು ಬೇಕು. ಆದರೆ ಆಯ್ಕೆಯೇ ಓರೆಯಾಗಿದ್ದರೆ ಲಕ್ಷ ಉತ್ತರ ಬಂದರೂ ಆ ಓರೆ ಹೋಗದು. ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಿರಿ ಎನ್ನಿ. ಕೀಪ್ಯಾಡ್ ಫೋನಿನ ಹಳ್ಳಿಯ ಗಿರಾಕಿ ಅಲ್ಲಿಗೇ ಹೊರಗುಳಿದರು. ಗೂಗಲ್ ಫಾರ್ಮ್ಸ್‌ನಲ್ಲಿ ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆ ಒತ್ತಿದರೆ ಅದು ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಮರೆತವರೂ ಹೋದರು.

ಹಾಗಾಗಿ ಗಿರಾಕಿಯ ಬಳಿಗೇ ಹೋಗಿ ಕೇಳಬೇಕಾದಲ್ಲಿ ನನ್ನ ಒಲವು ಓಡಿಕೆ (ODK), ಕೋಬೊ ಟೂಲ್‌ಬಾಕ್ಸ್ ಎಂಬ ಸಮೀಕ್ಷಾ ಸಾಧನಗಳ ಕಡೆಗೆ. ಇವು ಉತ್ತರವನ್ನು ಫೋನಿನಲ್ಲೇ ಇಟ್ಟುಕೊಂಡು ನೆಟ್‌ವರ್ಕ್ ಸಿಕ್ಕಾಗ ಕಳಿಸುತ್ತವೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು 60 ಪ್ರಶ್ನೆಗಳ ಆ್ಯಪ್ ಹಿಡಿದು ಮನೆಮನೆಗೆ ಹೋದಾಗ, ಸರ್ವರ್ ಮತ್ತು ನೆಟ್‌ವರ್ಕ್ ಎಷ್ಟು ಕಾಡಿದವು ಎಂದು ನಾಡೆಲ್ಲ ಕಂಡಿದೆ. ದೇವನಹಳ್ಳಿಯ ಚಕ್ಕೋತ ಬೆಳೆಗಾರರನ್ನು ತೋಟದಲ್ಲೇ ಮಾತಾಡಿಸಬೇಕೆಂದರೂ ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಇಂಥ ಸಾಧನಗಳೇ ದಾರಿ. ನಗರದ ಅಂಗಡಿಗಳಿಗಷ್ಟೇ ಮಾರುವವರಿಗೆ ಗೂಗಲ್ ಫಾರ್ಮ್ಸ್ ಧಾರಾಳ ಸಾಕು. ದುಡ್ಡಿನ ಪ್ಯಾಕೇಜು ಬೇಡ.

ಇನ್ನು ಪ್ರಶ್ನೆ. ‘ಸೀರೆಯ ಬಣ್ಣ, ಬೆಲೆ ಇಷ್ಟವಾಯಿತೇ?’ ಎಂದು ಕೇಳಿದಿರಿ. ಬಣ್ಣ ಮೆಚ್ಚಿ ಬೆಲೆಗೆ ಮುಖ ಸಿಂಡರಿಸಿದವರು ಯಾವ ಗುಂಡಿ ಒತ್ತಬೇಕು? ಎರಡು ಪ್ರಶ್ನೆ ಮಾಡಿ. ಬೆಲೆ ಹೆಚ್ಚೆಂದವರಿಗೆ ಮಾತ್ರ ‘ಎಷ್ಟಿದ್ದರೆ ಕೊಳ್ಳುತ್ತಿದ್ದಿರಿ?’ ಎಂಬ ಮುಂದಿನ ಪ್ರಶ್ನೆ ತೆರೆಯಲಿ. ಬಣ್ಣಗಳ ಪಟ್ಟಿಯಲ್ಲಿ ಮೇಲಿರುವುದಕ್ಕೇ ಕಣ್ಣು ಮೊದಲು ಬೀಳುವುದರಿಂದ ಅವುಗಳ ಕ್ರಮ ಪ್ರತಿಯೊಬ್ಬರಿಗೂ ಬದಲಾಗಲಿ. ಹೀಗೆ ಮುಂದಿನ ಪ್ರಶ್ನೆ ತೆರೆಯುವ, ಕ್ರಮ ಬದಲಿಸುವ ಸೌಲಭ್ಯಗಳಿಲ್ಲದ ಸಾಧನವನ್ನು ಅಲ್ಲಿಗೇ ಬಿಡಿ.

ಹೆಸರು, ಫೋನ್ ನಂಬರ್ ಅಗತ್ಯವಿಲ್ಲದಿದ್ದರೆ ಕೇಳಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಮಾತನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಫಾರ್ಮ್ ಕನ್ನಡದಲ್ಲೇ ಇರಲಿ. ಎಲ್ಲರಿಗೂ ಕಳಿಸುವ ಮುನ್ನ ನಾಲ್ಕೈದು ಗಿರಾಕಿಗಳಿಗೆ ಅವರದೇ ಫೋನಿನಲ್ಲಿ ತುಂಬಲು ಕೊಟ್ಟು, ಪಕ್ಕದಲ್ಲಿ ಕೂತು, ಬೆರಳು ಎಲ್ಲಿ ತಡೆಯುತ್ತದೆ ನೋಡಿ. ಆ ಜಾಗವನ್ನು ತಿದ್ದಿ, ಆಮೇಲೆ ಕಳಿಸಿ.