ನಾಲಗೆ ತಡವರಿಸುವುದೇಕೆ?

ಇಂಗ್ಲಿಷನ್ನು ಬರೆಯಬಲ್ಲವರೆಲ್ಲರೂ ಅದನ್ನು ಮಾತನಾಡಬಲ್ಲರೆಂದು ಹೇಳಲಾಗುವುದಿಲ್ಲ. ವ್ಯಾಕರಣದ ಪ್ರಶ್ನೆಗಳಿಗೆ ತಪ್ಪಿಲ್ಲದೆ ಉತ್ತರ ಬರೆಯುವ ವಿದ್ಯಾರ್ಥಿಯೇ ಪರೀಕ್ಷಕರ ಎದುರಿಗೆ ಕುಳಿತಾಗ ಎರಡು ವಾಕ್ಯ ಮುಗಿಸುವಷ್ಟರಲ್ಲಿ ನಾಲ್ಕು ಕಡೆ ನಿಲ್ಲುವುದುಂಟು. ಇದನ್ನು ಅಂಜಿಕೆಯೆಂದೋ, ಕನ್ನಡ ಶಾಲೆಯಲ್ಲಿ ಓದಿದುದರ ಫಲವೆಂದೋ ಹೇಳಿ ಮುಗಿಸಿಬಿಡುವುದು ವಾಡಿಕೆ. ಅಂಜಿಕೆಯ ಪಾತ್ರವೇನೂ ಇಲ್ಲವೆಂದಲ್ಲ; ಆದರೆ ಎಳ್ಳಷ್ಟೂ ಅಂಜದವರು ಕೂಡ ತಡವರಿಸುತ್ತಾರೆ. ನಿಜವಾದ ಕಾರಣವನ್ನು ಮಾತು ಹುಟ್ಟುವ ಬಗೆಯಲ್ಲಿಯೇ ಹುಡುಕಬೇಕು.

ಮೌಖಿಕ ಪರೀಕ್ಷೆ ಇಂದು ನಿನ್ನೆಯದಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು 1913ರಲ್ಲಿ ಮೊದಲ ಬಾರಿ ಪ್ರಾವೀಣ್ಯ ಪರೀಕ್ಷೆಯನ್ನು ನಡೆಸಿದರು. ಅದಕ್ಕೆ ಕುಳಿತವರು ಮೂವರು, ಮೂವರೂ ಅನುತ್ತೀರ್ಣರಾದರು! ಈಗ ವಿದೇಶದಲ್ಲಿ ಓದಬಯಸುವ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಐಇಎಲ್‌ಟಿಎಸ್ ಎಂಬ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅದರ ಮಾತಿನ ಭಾಗ 11ರಿಂದ 14 ನಿಮಿಷ ನಡೆಯುತ್ತದೆ. ನಿರರ್ಗಳತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೂ ಸಮನಾದ ಬೆಲೆಯುಂಟು. ಹೀಗೆ ಒಂದು ಕಾಲು ಪಾಲು ಅಂಕ ಮಾತಿನ ಹರಿವನ್ನೇ ಅವಲಂಬಿಸಿದೆ. ಆ ಅಂಕದ ಮೇಲೆ ಪ್ರವೇಶವೂ, ಪ್ರವೇಶದ ಮೇಲೆ ಮುಂದಿನ ಹಲವು ವರ್ಷಗಳೂ ನಿಂತಿರುವುದುಂಟು.

ಮನಸ್ಸಿನ ಭಾವನೆಯೊಂದು ಮಾತಾಗಿ ಹೊರಬೀಳಲು ಮೂರು ಘಟ್ಟಗಳನ್ನು ದಾಟಬೇಕೆಂದು ಡಚ್ ವಿಜ್ಞಾನಿ ವಿಲೆಮ್ ಲೆವೆಲ್ಟ್ 1989ರಲ್ಲಿ ವಿವರಿಸಿದರು. ಏನನ್ನು ಹೇಳಬೇಕೆಂಬ ನಿರ್ಧಾರ ಮೊದಲನೆಯದು. ಅದಕ್ಕೆ ತಕ್ಕ ಪದಗಳನ್ನು ಆರಿಸಿ ವಾಕ್ಯವಾಗಿ ಜೋಡಿಸುವುದು ಎರಡನೆಯದು. ನಾಲಗೆ, ತುಟಿ, ಧ್ವನಿತಂತುಗಳನ್ನು ನಡೆಸಿ ನುಡಿಯುವುದು ಮೂರನೆಯದು. ಸಾಧಾರಣ ಸಂಭಾಷಣೆಯಲ್ಲಿ ನಾವು ಸೆಕೆಂಡಿಗೆ ಎರಡು ಮೂರು ಇಂಗ್ಲಿಷ್ ಪದಗಳಷ್ಟು ವೇಗದಲ್ಲಿ, ಹತ್ತು ಸಾವಿರಗಟ್ಟಲೆ ಪದಗಳಿರುವ ಭಂಡಾರದಿಂದ ಆರಿಸಿ ತೆಗೆಯುತ್ತೇವೆ. ಒಂದು ಚಿತ್ರವನ್ನು ಕಂಡು ಅದರ ಹೆಸರನ್ನು ನುಡಿಯತೊಡಗಲು ಬೇಕಾಗುವ ಕಾಲ ಸೆಕೆಂಡಿನ ಹತ್ತರಲ್ಲಿ ಸುಮಾರು ಆರು ಭಾಗ. ಆದ್ದರಿಂದ ಒಂದು ಪದ ಬಾಯಲ್ಲಿರುವಾಗಲೇ ಮುಂದಿನ ಪದಗಳ ಸಿದ್ಧತೆ ಒಳಗೆ ನಡೆಯುತ್ತಿರಲೇಬೇಕು.

ತಾಯ್ನುಡಿಯಲ್ಲಿ ಮೊದಲನೆಯ ಘಟ್ಟಕ್ಕೆ ಮಾತ್ರ ಹೆಚ್ಚಿನ ಗಮನ ಬೇಕು. ಉಳಿದೆರಡು ಬಹುಮಟ್ಟಿಗೆ ತಾವಾಗಿಯೇ ನಡೆಯುತ್ತವೆ. ಮಲ್ಲಿಗೆಯನ್ನು ಕಟ್ಟುತ್ತ ಕುಳಿತ ಅಜ್ಜಿ ಊರ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಬೆರಳುಗಳ ಕಡೆ ನೋಡುವುದೂ ಇಲ್ಲ. ಹೊಸದಾಗಿ ಕಲಿಯುವ ಮೊಮ್ಮಗಳು ಮಾತ್ರ ಗಂಟು ಹಾಕುವಾಗ ಮಾತು ನಿಲ್ಲಿಸುತ್ತಾಳೆ. ಪರಭಾಷೆಯಲ್ಲಿ ನಾವೆಲ್ಲರೂ ಆ ಮೊಮ್ಮಗಳಂತೆ. ಪದವನ್ನು ಹುಡುಕಲೂ ಗಮನ ಬೇಕು, ಕ್ರಿಯಾಪದದ ಕಾಲವನ್ನು ಹೊಂದಿಸಲೂ ಗಮನ ಬೇಕು, ಗಮನವಾದರೋ ಒಂದೇ.

ಕನ್ನಡಿಗರಿಗೆ ಇದರ ಮೇಲೆ ಮತ್ತೊಂದು ತೊಡಕುಂಟು. ‘ನಾನು ಕಳೆದ ವರ್ಷ ಅಣ್ಣನೊಡನೆ ಮೈಸೂರಿಗೆ ಹೋದೆ’ ಎಂಬಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬರಬೇಕು. ಮನಸ್ಸಿನಲ್ಲಿ ಕನ್ನಡ ವಾಕ್ಯವನ್ನು ಕಟ್ಟಿ ಅನುವಾದಿಸುವವನು ಕನ್ನಡದ ಕೊನೆಯ ಪದವನ್ನು ಮುಟ್ಟುವ ತನಕ ಇಂಗ್ಲಿಷಿನ ಎರಡನೆಯ ಪದವನ್ನು ಹೇಳಲಾರ. ಅಲ್ಲಿಯವರೆಗೆ ವರ್ಷ, ಅಣ್ಣ, ಮೈಸೂರು ಎಲ್ಲವನ್ನೂ ನೆನಪಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಈ ತಾತ್ಕಾಲಿಕ ನೆನಪಿನ ಚೀಲ ಬಹಳ ಚಿಕ್ಕದು. ಅದರಲ್ಲಿ ಸುಮಾರು ಏಳು ಘಟಕಗಳು ಹಿಡಿಯುತ್ತವೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು; ನಾಲ್ಕೇ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಯಾವ ಎಣಿಕೆಯನ್ನು ಒಪ್ಪಿದರೂ ಅನುವಾದದ ಭಾರಕ್ಕೆ ಚೀಲ ಹರಿಯುವುದು ಆಶ್ಚರ್ಯವಲ್ಲ.

ಹಾಗಾದರೆ ಬೇಗಬೇಗ ಮಾತನಾಡಿದರೆ ಸರಿಹೋಗುವುದೆ? ಈ ಸಲಹೆಯನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಇದು ಶುದ್ಧ ತಪ್ಪು. ಲಂಡನ್ನಿನಲ್ಲಿ ಫ್ರೀಡಾ ಗೋಲ್ಡ್‌ಮನ್-ಐಸ್ಲರ್ ಎಂಬ ವಿದುಷಿ 1950ರ ಮತ್ತು 1960ರ ದಶಕಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ನಡುವಣ ಮೌನಗಳನ್ನು ಅಳೆದರು. ಮಾತು ವೇಗವಾಗಿ ಅಥವಾ ನಿಧಾನವಾಗಿ ತೋರುವುದು ಬಹುಮಟ್ಟಿಗೆ ಈ ಮೌನಗಳ ಮೊತ್ತದಿಂದ. ನಾಲಗೆಯ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಮೌನವೆಂದರೆ ಮನಸ್ಸು ಮುಂದಿನ ಮಾತನ್ನು ಹೊಂದಿಸಿಕೊಳ್ಳುವ ಹೊತ್ತು. ಇಂಗ್ಲಿಷರೂ ಬೇಕಾದಷ್ಟು ಸಲ ನಿಲ್ಲುತ್ತಾರೆ. ಆದರೆ ಅವರು ಹೆಚ್ಚಾಗಿ ನಿಲ್ಲುವುದು ಉಪವಾಕ್ಯಗಳ ಸಂಧಿಯಲ್ಲಿ. ಕಲಿಯುವವರು ನಿಲ್ಲುವುದು ಉಪವಾಕ್ಯದ ಹೊಟ್ಟೆಯಲ್ಲಿ. ಗಾಯಕನು ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಂಡರೆ ಯಾರಿಗೂ ತಿಳಿಯದು. ಪದದ ನಡುವೆ ಎಳೆದುಕೊಂಡರೆ ಸಭೆಯೆಲ್ಲ ಮುಖ ಎತ್ತುತ್ತದೆ.

ತನ್ನ ಮಾತನ್ನು ತಾನೇ ಅತಿಯಾಗಿ ಆಲಿಸುವುದೂ ಹರಿವಿಗೆ ಅಡ್ಡಿ. ತುಸು ಆಲಿಸುವುದಂತೂ ಎಲ್ಲರಿಗೂ ಸಹಜ. ಮಾತನಾಡುವವನ ದನಿಯನ್ನು ಸೆಕೆಂಡಿನ ಸುಮಾರು ಐದನೆಯ ಒಂದಂಶ ತಡಮಾಡಿ ಅವನ ಕಿವಿಗೇ ಕೇಳಿಸಿದರೆ, ಎಂತಹ ವಾಗ್ಮಿಯೂ ಉಗ್ಗತೊಡಗುತ್ತಾನೆಂದು ಬರ್ನಾರ್ಡ್ ಲೀ 1950ರಲ್ಲಿ ತೋರಿಸಿದರು. ಆದರೆ ಪ್ರತಿ ಪದಕ್ಕೂ ಹಿಂದಿರುಗಿ ತಿದ್ದುವವನ ವಾಕ್ಯ ಮುಂದೆ ಸಾಗದು. ಪದೇ ಪದೇ ತಿದ್ದಿಕೊಳ್ಳುವುದನ್ನು ಪರೀಕ್ಷಕರು ತಡವರಿಕೆಯೆಂದೇ ಎಣಿಸುತ್ತಾರೆ.

ಉತ್ತರಗಳನ್ನೇ ಬಾಯಿಪಾಠ ಮಾಡುವ ಉಪಾಯ ನಮ್ಮಲ್ಲಿ ಬಹು ಜನಪ್ರಿಯ. ಪರೀಕ್ಷಕರು ಅದನ್ನು ಗುರುತಿಸಬಲ್ಲರು. ಮರುಪ್ರಶ್ನೆಯೊಂದನ್ನು ಹಾಕಿದೊಡನೆ ಪಾಠ ಮುರಿಯುತ್ತದೆ. ಬಾಯಿಪಾಠ ಮಾಡಬೇಕಾದದ್ದು ನುಡಿಗಟ್ಟುಗಳನ್ನು. ‘ಐ ಆಮ್ ನಾಟ್ ಶ್ಯೂರ್, ಬಟ್ ಐ ಥಿಂಕ್’ ಎಂಬ ಏಳು ಪದಗಳು ಅಭ್ಯಾಸದಿಂದ ಒಂದೇ ಘಟಕವಾಗಿಬಿಟ್ಟರೆ ನೆನಪಿನ ಚೀಲದಲ್ಲಿ ಒಂದೇ ಸ್ಥಳವನ್ನು ಹಿಡಿಯುತ್ತವೆ; ಅದನ್ನು ಹೇಳುತ್ತಿರುವಾಗ ಮುಂದಿನದನ್ನು ಯೋಚಿಸಲು ಬಿಡುವೂ ದೊರೆಯುತ್ತದೆ.

ಇನ್ನು ಅಭ್ಯಾಸದ ವಿಷಯ. ಒಂದೇ ಸಂಗತಿಯನ್ನು ಮೊದಲು ನಾಲ್ಕು ನಿಮಿಷ, ಅನಂತರ ಬೇರೊಬ್ಬರಿಗೆ ಮೂರು ನಿಮಿಷ, ಕೊನೆಗೆ ಮತ್ತೊಬ್ಬರಿಗೆ ಎರಡು ನಿಮಿಷಗಳಲ್ಲಿ ಹೇಳುವ ಕ್ರಮವೊಂದುಂಟು. ಮೂರನೆಯ ಬಾರಿಗೆ ಏನು ಹೇಳಬೇಕೆಂಬುದು ಆಗಲೇ ತೀರ್ಮಾನವಾಗಿರುವುದರಿಂದ ಗಮನವೆಲ್ಲ ಹೇಳುವ ಬಗೆಗೆ ಉಳಿಯುತ್ತದೆ. ನೆಲ್ ಡಿ ಯಾಂಗ್ ಮತ್ತು ಚಾರ್ಲ್ಸ್ ಪರ್ಫೆಟಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಒಂದೇ ವಿಷಯವನ್ನು ಮರಳಿ ಹೇಳಿದವರ ಹರಿವು ಹೊಸ ವಿಷಯಗಳಲ್ಲಿಯೂ ಉಳಿದುಬಂದಿತು; ಪ್ರತಿ ಸಲವೂ ಬೇರೆ ಬೇರೆ ವಿಷಯವನ್ನು ಹೇಳಿದವರಿಗೆ ಆ ಲಾಭ ನಿಲ್ಲಲಿಲ್ಲ. ಗೆಳೆಯರು ದೊರೆಯದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ನಿಮ್ಮ ದನಿ ನಿಮಗೇ ತೆಳುವಾಗಿ, ಪರಕೀಯವಾಗಿ ಕೇಳಿಸಿದರೆ ಬೇಸರಪಡಬೇಡಿ. ಮಾತನಾಡುವಾಗ ತಲೆಯ ಎಲುಬುಗಳ ಮೂಲಕವೂ ದನಿ ಒಳಗಿವಿಗೆ ತಲುಪಿ, ಕೆಳಸ್ಥಾಯಿಯ ಕಂಪನಗಳು ಪುಷ್ಟವಾಗಿ ಕೇಳಿಸುತ್ತವೆ. ಯಂತ್ರಕ್ಕೆ ಆ ದಾರಿಯಿಲ್ಲ. ಎಲ್ಲೆಲ್ಲಿ ನಿಂತಿರೆಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಕಂಡ ತಪ್ಪುಗಳನ್ನು ಮುಂದಿನ ಸುತ್ತಿಗೆ ಮೊದಲೇ ತಿದ್ದಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ತಪ್ಪೂ ಅಭ್ಯಾಸವಾಗುತ್ತದೆ.

ಐಇಎಲ್‌ಟಿಎಸ್‌ನ ಎರಡನೆಯ ಭಾಗದಲ್ಲಿ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡಬೇಕು. ಸಿದ್ಧತೆಗೆ ಒಂದು ನಿಮಿಷವೂ, ಬರೆದುಕೊಳ್ಳಲು ಕಾಗದವೂ ಸಿಗುತ್ತವೆ. ಬಹುಮಂದಿ ಆಗ ನಾಮಪದಗಳನ್ನು ಗೀಚಿಕೊಳ್ಳುತ್ತಾರೆ. ನಮ್ಮವರು ಕ್ರಿಯಾಪದಗಳನ್ನು, ಅದೂ ತಕ್ಕ ಕಾಲದ ರೂಪದಲ್ಲಿಯೇ, ಬರೆದುಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ: ‘ವೆಂಟ್’, ‘ಸಾ’, ‘ಬಾಟ್’. ಊರು, ಅಣ್ಣ, ಅಂಗಡಿಗಳ ಹೆಸರುಗಳು ಹೇಗೂ ನೆನಪಿಗೆ ಬರುತ್ತವೆ. ಕನ್ನಡದ ಮನಸ್ಸು ಕಡೆಗೆಂದು ಇಟ್ಟುಕೊಳ್ಳುವ ಪದವೇ ಇಲ್ಲಿ ಮೊದಲು ಕೈಗೆ ಸಿಗಬೇಕಾದದ್ದು.