ಆನ್ ಆದ ಮಾತ್ರಕ್ಕೆ ಪ್ರೊಸೆಸರ್ ಸರಿಯಿದೆಯೇ?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಂಡು ಹಾಕಿಸಿದವರಿಗೆ ಒಮ್ಮೊಮ್ಮೆ ಹೊಸ ತಲೆನೋವು ಶುರುವಾಗುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ತೆರೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನೀಲಿ ಪರದೆ, ಇಲ್ಲವೇ ತಾನಾಗಿಯೇ ರೀಸ್ಟಾರ್ಟ್. ‘ಆನ್ ಆಯಿತಲ್ಲ, ಪ್ರೊಸೆಸರ್ ಸರಿಯಾಗಿಯೇ ಇದೆ’ ಎಂಬ ಮಾತನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ. ಪ್ರೊಸೆಸರ್ ಸಾಯದೆಯೂ ಸೊರಗಬಲ್ಲದು.

5 ಗಿಗಾಹರ್ಟ್ಸ್ ವೇಗದಲ್ಲಿ ಓಡುವ ಪ್ರೊಸೆಸರ್‌ಗೆ ಒಂದೊಂದು ಹೆಜ್ಜೆಗೆ ಸಿಗುವ ಸಮಯ 0.2 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕೂ ಸುಮಾರು 6 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಆ ಅವಧಿಯೊಳಗೆ ಟ್ರಾನ್ಸಿಸ್ಟರ್‌ಗಳ ಒಂದು ಸಾಲು ತನ್ನ ಕೆಲಸ ಮುಗಿಸಿ ಉತ್ತರವನ್ನು ಮುಂದಕ್ಕೆ ದಾಟಿಸಬೇಕು. ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಲ್ಲಿ ಬಹುಕಾಲ ದುಡಿದ ಟ್ರಾನ್ಸಿಸ್ಟರ್‌ನ ನಿರೋಧಕ ಪದರದಲ್ಲಿ ವಿದ್ಯುದಾವೇಶ ಸಿಕ್ಕಿಕೊಳ್ಳುತ್ತ ಹೋಗುತ್ತದೆ. ಆ ಟ್ರಾನ್ಸಿಸ್ಟರ್ ಚುರುಕಾಗಿ ಕೆಲಸ ಮಾಡಲು ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಳೆಯ ವೋಲ್ಟೇಜನ್ನೇ ಕೊಟ್ಟರೆ ಉತ್ತರ ತಡವಾಗುತ್ತದೆ. 1 ಬರಬೇಕಾದಲ್ಲಿ 0 ಉಳಿದುಬಿಡುತ್ತದೆ. ಅಂಥ ಒಂದು ತಪ್ಪು ಬಿಟ್ ಇಡೀ ವ್ಯವಸ್ಥೆಯನ್ನು ಕೆಡವಲು ಸಾಕು.

ಇದಕ್ಕೆ ದೊಡ್ಡ ಉದಾಹರಣೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು. ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಿಂದ ಅವುಗಳ ಕ್ಲಾಕ್ ಸರ್ಕ್ಯೂಟ್ ಬೇಗ ಸವೆಯುತ್ತಿದೆ ಎಂದು ಕಂಪನಿಯೇ 2024ರಲ್ಲಿ ತಿಳಿಸಿತು. ಆಟ ತೆರೆಯುವಾಗ ಎಷ್ಟೋ ಜನರಿಗೆ ಕಂಡದ್ದು ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ. ಅವರು ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು. ತಪ್ಪುತ್ತಿದ್ದದ್ದು ಕುಗ್ಗಿಸಿಟ್ಟ (ಕಂಪ್ರೆಸ್ ಮಾಡಿದ) ಕಡತಗಳನ್ನು ಬಿಡಿಸುವ ಪ್ರೊಸೆಸರ್‌ನ ಲೆಕ್ಕ. ಆಗಸ್ಟ್‌ನಲ್ಲಿ ಬಯಾಸ್ ಅಪ್‌ಡೇಟ್ ಮೂಲಕ ಬಂದ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಆದೇಶಗಳ ತಿದ್ದುಪಡಿ) ವೋಲ್ಟೇಜನ್ನು 1.55 ವೋಲ್ಟ್‌ಗೆ ಮಿತಿಗೊಳಿಸಿತು. ಅದು ಮುಂದಿನ ಸವೆತವನ್ನು ತಡೆಯಬಹುದು, ಆಗಲೇ ಸವೆದದ್ದನ್ನು ಸರಿಪಡಿಸಲಾರದು. ಬಳಸಿದ ಚಿಪ್ ಕೊಳ್ಳುವವರು ಮರೆಯಬಾರದ ಮಾತಿದು.

ಹಾಗೆಂದು ಮೊದಲೇ ಪ್ರೊಸೆಸರ್ ಮೇಲೆ ತಪ್ಪು ಹೊರಿಸಬೇಡಿ. ಹಳೆಯ ಪ್ರೊಸೆಸರನ್ನು ಮರಳಿ ಹಾಕಿ ನೋಡಿ. ಆಗಲೂ ಕ್ರ್ಯಾಶ್ ಆದರೆ ದೋಷ ಬೇರೆಡೆ ಇದೆ. ಕ್ರ್ಯಾಶ್ ನಿಂತುಹೋದರೆ, ಕೊಂಡು ತಂದದ್ದನ್ನು ಮತ್ತೆ ಹಾಕಿ ಒಂದೊಂದಾಗಿ ಪರೀಕ್ಷಿಸುತ್ತ ಬನ್ನಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಮೊದಲು ಬಯಾಸ್ ಅಪ್‌ಡೇಟ್ ಮಾಡಿ ನೋಡಿ, ಆಮೇಲೆ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತನ್ನಿ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಇರಲಿ. ಬಳಿಕ ಶಾಖ: ಕೆಲಸದ ಹೊರೆ ಏರಿದ ಕೂಡಲೇ ತಾಪಮಾನ 100 ಡಿಗ್ರಿಯತ್ತ ನೆಗೆದರೆ ಕೂಲರ್ ಸರಿಯಾಗಿ ಕೂತಿಲ್ಲದಿರಬಹುದು, ಇಲ್ಲವೇ ಥರ್ಮಲ್ ಪೇಸ್ಟ್ ಸರಿಯಾಗಿ ಹರಡಿಲ್ಲದಿರಬಹುದು.

ಮುಂದಿನದು ಪಿನ್‌ಗಳು. ಎಎಂಡಿಯ ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್‌ಗಳಿವೆ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ ಅವು ಮದರ್‌ಬೋರ್ಡಿನ ಸಾಕೆಟ್‌ನಲ್ಲಿರುತ್ತವೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಬಾಗಿದ ಪಿನ್ ಸಾಲು ತಪ್ಪಿ ಕಾಣುತ್ತದೆ. ಇಂದಿನ ಪ್ರೊಸೆಸರ್‌ಗಳಲ್ಲಿ ರ‍್ಯಾಮ್ ನಿಯಂತ್ರಿಸುವ ಭಾಗವೂ ಚಿಪ್‌ನೊಳಗೇ ಇದೆ. ಹಾಗಾಗಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86ನಲ್ಲಿ ತಪ್ಪು ಕಂಡ ಮಾತ್ರಕ್ಕೆ ರ‍್ಯಾಮ್ ಎಸೆಯಬೇಡಿ. ಹಳೆಯ ಪ್ರೊಸೆಸರ್‌ನೊಂದಿಗೆ ಅದೇ ರ‍್ಯಾಮ್ ಪಾಸಾದರೆ, ಸಂಶಯ ಪಿನ್ ಅಥವಾ ಚಿಪ್ ಮೇಲೆ ತಿರುಗುತ್ತದೆ.

ವಿಂಡೋಸ್‌ನ ಈವೆಂಟ್ ವ್ಯೂವರ್ ಕೂಡ ಸುಳಿವು ಕೊಡುತ್ತದೆ. ‘ಕರ್ನಲ್-ಪವರ್ 41’ ಎಂದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ, ಕಾರಣ ಅದರಲ್ಲಿಲ್ಲ. ‘ವೀಯಾ-ಲಾಗರ್’ (WHEA-Logger) ಹೆಸರಿನಲ್ಲಿ ಪ್ರೊಸೆಸರ್ ಕೋರ್‌ನ ದೋಷ ದಾಖಲಾಗಿದ್ದರೆ ಅದು ತೂಕದ ಸಾಕ್ಷಿ.

ಕೊನೆಯ ಪರೀಕ್ಷೆ, ಪ್ರೊಸೆಸರ್‌ನ ವೇಗವನ್ನು ತಾನಾಗಿ ಏರಿಸುವ ಟರ್ಬೊವನ್ನು ಬಯಾಸ್‌ನಲ್ಲಿ ನಿಲ್ಲಿಸುವುದು. ವೇಗ ತಗ್ಗಿದರೆ ಪ್ರತಿ ಹೆಜ್ಜೆಗೂ ಹೆಚ್ಚು ಸಮಯ ಸಿಗುತ್ತದೆ. ಆಗ ಕ್ರ್ಯಾಶ್ ನಿಂತರೆ ಸವೆದ ಚಿಪ್ ಇರಬಹುದು, ಸೊರಗಿದ ಪವರ್ ಸಪ್ಲೈಯೂ ಇರಬಹುದು. ಕ್ರ್ಯಾಶ್ ಆದ ಹೊತ್ತು ನೋಡಿದರೆ ಇವೆರಡರ ವ್ಯತ್ಯಾಸ ಒಂದಷ್ಟು ತಿಳಿಯುತ್ತದೆ. ಪವರ್ ಸಪ್ಲೈ ಸಾಮಾನ್ಯವಾಗಿ ಭಾರೀ ಹೊರೆಯಲ್ಲಿ ಕೈಕೊಡುತ್ತದೆ. ಸವೆದ ಚಿಪ್ ಬ್ರೌಸರ್ ತೆರೆಯುವಂಥ ಹಗುರ ಕೆಲಸದಲ್ಲೂ ಮುಗ್ಗರಿಸಬಹುದು. ಒಂದೆರಡು ಕೋರ್‌ಗಳು ಅತಿ ಹೆಚ್ಚಿನ ವೇಗಕ್ಕೆ ಏರುವುದು ಆಗಲೇ.

ಕೊಳ್ಳುವಾಗಲೇ ಅಂಗಡಿಯಲ್ಲಿ ದೊಡ್ಡ ಕಡತವೊಂದನ್ನು 7-ಜಿಪ್‌ನಲ್ಲಿ ಕುಗ್ಗಿಸಿ, ‘ಟೆಸ್ಟ್’ ಒತ್ತಿ ಮತ್ತೆ ಮತ್ತೆ ಪರೀಕ್ಷಿಸಿ. ದತ್ತಾಂಶ ತಾಳೆಯಾಗಲಿಲ್ಲ ಎನ್ನುವ ಸಿಆರ್‌ಸಿ ದೋಷ ಒಮ್ಮೆ ಬಂದರೂ ಕೊಳ್ಳಬೇಡಿ. ಬಾಕ್ಸ್‌ನಲ್ಲಿ ಮಾರಾಟವಾದ, ದೋಷಕ್ಕೀಡಾದ 13 ಮತ್ತು 14ನೇ ತಲೆಮಾರಿನ ಮಾದರಿಗಳ ವಾರಂಟಿಯನ್ನು ಇಂಟೆಲ್ 3ರಿಂದ 5 ವರ್ಷಕ್ಕೆ ಏರಿಸಿದೆ. ಚಿಪ್ ಮೇಲಿನ ಸೀರಿಯಲ್ ನಂಬರನ್ನು ಬಾಕ್ಸ್ ಜೊತೆ ತಾಳೆ ನೋಡಿ, ಬಿಲ್ ಕೇಳಿ ಪಡೆಯಿರಿ.